ಪೆಟ್ ಶಾಪ್ ಬಾಯ್ಸ್ ಸಿಂಗಲ್‌ಗಳು ಮತ್ತು ಚಾರ್ಟ್ ಸ್ಥಾನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪೆಟ್ ಶಾಪ್ ಬಾಯ್ಸ್ ಎಂದರೆ ಯಾರು?

ಬ್ರಿಟನ್ನಿನ ಪಾಪ್ ಸಂಗೀತದ ತಂಡ; ಅದರಲ್ಲಿರುವುದು ನೀಲ್ ಟೆನಂಟ್ ಮತ್ತು ಕ್ರಿಸ್ ಲೋ ಎಂಬ ಇಬ್ಬರೇ. 1981ರ ಆಗಸ್ಟ್‌ನಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನಲ್ಲಿದ್ದ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯೊಂದರಲ್ಲಿ ಇಬ್ಬರಿಗೂ ಪರಿಚಯವಾಯಿತು. ಟೆನಂಟ್ ಮುಂದೆ 'ಸ್ಮ್ಯಾಶ್ ಹಿಟ್ಸ್' ಎಂಬ ಪಾಪ್ ಪತ್ರಿಕೆಯಲ್ಲಿ ಕೆಲಸ ಮಾಡಿದರು. ಲೋ ಲಿವರ್‌ಪೂಲ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದವರು. ಇತರರ ಹಾಡುಗಳ ಏಳುಬೀಳುಗಳನ್ನು ವರದಿ ಮಾಡುವುದೇ ಕಸುಬಾಗಿದ್ದ ವ್ಯಕ್ತಿಯೊಬ್ಬರು ಹಾಡುಗಾರರಾದದ್ದರಿಂದ ಈ ತಂಡಕ್ಕೆ ಚಾರ್ಟಿನ, ಅಂದರೆ ಹಾಡುಗಳ ವಾರದ ಶ್ರೇಣಿಪಟ್ಟಿಯ ಬಗ್ಗೆ ಮೊದಲಿನಿಂದಲೂ ಒಂದು ಬಗೆಯ ಪತ್ರಕರ್ತನ ಕುತೂಹಲವಿದೆ. ಅಭಿಮಾನಿಗಳಿಗೂ ಅದು ಅಂಟಿಕೊಂಡಿದೆ.

ಬ್ರಿಟನ್ನಿನ ಚಾರ್ಟ್ ಎಂದರೆ ಏನನ್ನು ಅಳೆಯುತ್ತದೆ?

ನಮ್ಮ ಹಿರಿಯರಿಗೆ ವಾರದ ಹಾಡುಗಳ ಶ್ರೇಣಿ ಎಂದರೆ ರೇಡಿಯೋ ಸಿಲೋನಿನ ಬಿನಾಕಾ ಗೀತಮಾಲಾ ನೆನಪಾಗುತ್ತದೆ. ಅಲ್ಲಿ ರೆಕಾರ್ಡ್ ಅಂಗಡಿಗಳ ಮಾರಾಟದ ಜೊತೆಗೆ ಕೇಳುಗರ ಸಂಘಗಳ ಅಭಿಪ್ರಾಯಕ್ಕೂ ಜಾಗವಿತ್ತು. ಬ್ರಿಟನ್ನಿನ ಸಿಂಗಲ್ಸ್ (ಆಲ್ಬಮ್ಮಿನಿಂದ ಬೇರೆಯಾಗಿ, ಒಂದೊಂದಾಗಿ ಬಿಡುಗಡೆಯಾಗುವ ಹಾಡುಗಳ) ಚಾರ್ಟ್ ಹಾಗಲ್ಲ. ಈ ತಂಡದ ಉಚ್ಛ್ರಾಯ ಕಾಲದಲ್ಲಿ ಅದು ಕೇವಲ ಮಾರಾಟದ ಲೆಕ್ಕವಾಗಿತ್ತು. 1983ರಿಂದ 1994ರ ಆರಂಭದವರೆಗೆ ಗ್ಯಾಲಪ್ ಸಂಸ್ಥೆ ಆಯ್ದ ಅಂಗಡಿಗಳ ಮಾರಾಟದ ಅಂಕಿಗಳನ್ನು ಯಂತ್ರಗಳ ಮೂಲಕ ಸಂಗ್ರಹಿಸಿ ಪಟ್ಟಿ ಮಾಡುತ್ತಿತ್ತು. ರೇಡಿಯೋದಲ್ಲಿ ಎಷ್ಟು ಸಲ ಹಾಡು ಬಂತು ಎಂಬುದು ಗಣನೆಗೆ ಬರುತ್ತಿರಲಿಲ್ಲ. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಆಗ ಮಾರಾಟ ಮತ್ತು ರೇಡಿಯೋ ಪ್ರಸಾರ ಎರಡೂ ಸೇರುತ್ತಿದ್ದವು. ಆದ್ದರಿಂದ ಎರಡು ದೇಶಗಳ ಸ್ಥಾನಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಾಗ ಒಂದು ಕಡೆ ಹಣ ಕೊಟ್ಟು ಕೊಂಡವರನ್ನೂ ಇನ್ನೊಂದು ಕಡೆ ಕೊಂಡವರ ಜೊತೆ ರೇಡಿಯೋ ಕೇಂದ್ರಗಳ ಕಾರ್ಯಕ್ರಮ ನಿರ್ವಾಹಕರನ್ನೂ ಎಣಿಸುತ್ತಿದ್ದೇವೆ ಎಂಬುದು ನೆನಪಿನಲ್ಲಿರಬೇಕು.

ಇನ್ನೆರಡು ತಿರುವುಗಳು ಮುಂದಿನ ಉತ್ತರಗಳಿಗೆ ಬೇಕಾಗುತ್ತವೆ. 2005ರಲ್ಲಿ ಅಂತರಜಾಲದಿಂದ ಇಳಿಸಿಕೊಂಡ ಹಾಡುಗಳು ಬ್ರಿಟನ್ನಿನ ಲೆಕ್ಕಕ್ಕೆ ಸೇರಿದವು. 2014ರ ಜುಲೈನಿಂದ ಸ್ಟ್ರೀಮಿಂಗ್ ಕೂಡ ಸೇರಿತು.

'ವೆಸ್ಟ್ ಎಂಡ್ ಗರ್ಲ್ಸ್' ಎರಡು ಸಲ ಬಿಡುಗಡೆಯಾದದ್ದೇಕೆ?

ಮೊದಲನೆಯದು 1984ರ ಏಪ್ರಿಲ್‌ನಲ್ಲಿ ಬಂದದ್ದು. 1983ರಲ್ಲಿ ಪತ್ರಿಕೆಯ ಕೆಲಸದ ಮೇಲೆ ನ್ಯೂಯಾರ್ಕಿಗೆ ಹೋದ ಟೆನಂಟ್, ತಾನು ಮೆಚ್ಚಿಕೊಂಡಿದ್ದ ನೃತ್ಯಸಂಗೀತ ನಿರ್ಮಾಪಕ ಬಾಬಿ ಆರ್ಲ್ಯಾಂಡೋ ಅವರನ್ನು ಭೇಟಿಯಾದರು. ಅದರ ಫಲವಾಗಿ ರೂಪುಗೊಂಡ ಆ ಧ್ವನಿಮುದ್ರಣ ಅಮೆರಿಕದ ಕೆಲವು ಕ್ಲಬ್ಬುಗಳಲ್ಲಿ ಮತ್ತು ಯೂರೋಪಿನ ಒಂದೆರಡು ದೇಶಗಳಲ್ಲಿ ಓಡಿತೇ ಹೊರತು ಬ್ರಿಟನ್ನಿನಲ್ಲಿ ಮೊದಲ ನೂರರೊಳಗೂ ಬರಲಿಲ್ಲ. ಆರ್ಲ್ಯಾಂಡೋ ಜೊತೆಗಿನ ಒಪ್ಪಂದದಿಂದ ಬಿಡಿಸಿಕೊಂಡು ಪಾರ್ಲಫೋನ್ ಎಂಬ ರೆಕಾರ್ಡ್ ಸಂಸ್ಥೆಯನ್ನು ಸೇರಿದ ಮೇಲೆ 1985ರ ಜುಲೈನಲ್ಲಿ 'ಆಪರ್ಚುನಿಟೀಸ್' ಹಾಡನ್ನು ಬಿಡುಗಡೆ ಮಾಡಿದರು. ಅದು 116ನೇ ಸ್ಥಾನದಲ್ಲಿ ನಿಂತಿತು. ಅಷ್ಟರಲ್ಲಿ ಟೆನಂಟ್ ಪತ್ರಿಕೆಯ ಕೆಲಸವನ್ನೂ ಬಿಟ್ಟಾಗಿತ್ತು.

ಆಮೇಲೆ ನಿರ್ಮಾಪಕ ಸ್ಟೀಫನ್ ಹೇಗ್ ಜೊತೆ 'ವೆಸ್ಟ್ ಎಂಡ್ ಗರ್ಲ್ಸ್' ಅನ್ನು ಹೊಸದಾಗಿ ಮಾಡಿದರು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ವ್ಯತ್ಯಾಸ ತಟ್ಟನೆ ಗೊತ್ತಾಗುತ್ತದೆ: ಮೊದಲನೆಯದು ನೃತ್ಯದ ಅಂಗಳಕ್ಕಾಗಿ ಅವಸರದಲ್ಲಿ ಹೊರಟಂತಿದೆ, ಎರಡನೆಯದರಲ್ಲಿ ನಡೆ ನಿಧಾನವಾಗಿ, ಬೀದಿಯ ಸದ್ದು ಮೊದಲು ಕೇಳಿಸಿ, ನಂತರ ತಂತಿವಾದ್ಯಗಳಂತಹ ಸಿಂಥಸೈಜರ್ ಸ್ವರಗಳು ತೆರೆದುಕೊಂಡು, ಅದರೊಳಗಿಂದ ಬೇಸ್ ನಡೆದು ಬರುತ್ತದೆ. ಟೆನಂಟ್ ಅರ್ಧ ಹಾಡುತ್ತ ಅರ್ಧ ಮಾತನಾಡುತ್ತ ಹೋಗುವ ರೀತಿಗೆ ಈ ನಿಧಾನವೇ ಹೊಂದಿತು.

1985ರ ಅಕ್ಟೋಬರ್ ಕೊನೆಯಲ್ಲಿ ಬಿಡುಗಡೆಯಾದ ಈ ಸಿಂಗಲ್ ಚಾರ್ಟಿನ ತೀರ ಕೆಳಗಿನ ಭಾಗದಲ್ಲಿ ಕಾಣಿಸಿಕೊಂಡು, ವಾರವಾರವೂ ಒಂದಿಷ್ಟು ಮೇಲೇರುತ್ತ, ಕ್ರಿಸ್‌ಮಸ್ ಗದ್ದಲ ಮುಗಿದ ಮೇಲೆ 1986ರ ಜನವರಿಯಲ್ಲಿ ಮೊದಲ ಸ್ಥಾನಕ್ಕೆ ಬಂದು ಎರಡು ವಾರ ಅಲ್ಲಿತ್ತು. ಮೇ ತಿಂಗಳಲ್ಲಿ ಅಮೆರಿಕದಲ್ಲೂ ಮೊದಲ ಸ್ಥಾನ ಪಡೆಯಿತು. 2020ರಲ್ಲಿ 'ದಿ ಗಾರ್ಡಿಯನ್' ಪತ್ರಿಕೆ ಬ್ರಿಟನ್ನಿನ ನಂಬರ್ ಒನ್ ಹಾಡುಗಳಲ್ಲೆಲ್ಲ ಶ್ರೇಷ್ಠವಾದದ್ದು ಎಂದು ಇದನ್ನೇ ಆರಿಸಿತು.

ಒಟ್ಟು ಎಷ್ಟು ಹಾಡುಗಳು ಮೊದಲ ಸ್ಥಾನಕ್ಕೆ ಬಂದಿವೆ?

ಬ್ರಿಟನ್ನಿನಲ್ಲಿ ನಾಲ್ಕು: 'ವೆಸ್ಟ್ ಎಂಡ್ ಗರ್ಲ್ಸ್' (ಜನವರಿ 1986), 'ಇಟ್ಸ್ ಎ ಸಿನ್' (ಜುಲೈ 1987), 'ಆಲ್ವೇಸ್ ಆನ್ ಮೈ ಮೈಂಡ್' (ಡಿಸೆಂಬರ್ 1987) ಮತ್ತು 'ಹಾರ್ಟ್' (ಏಪ್ರಿಲ್ 1988). ಕೊನೆಯ ಮೂರೂ ಒಂದು ವರ್ಷದೊಳಗೆ ಬಂದವು. 'ಹಾರ್ಟ್' ಈ ನಾಲ್ಕರಲ್ಲಿ ಅತ್ಯಂತ ಹಗುರವಾದ ಹಾಡು ಎಂಬುದರಲ್ಲಿ ಅಭಿಮಾನಿಗಳಿಗೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ನಟ ಇಯಾನ್ ಮೆಕೆಲನ್ ರಕ್ತಪಿಶಾಚಿಯ ವೇಷದಲ್ಲಿ ಬರುವ ಅದರ ವಿಡಿಯೋವೇ ಹಾಡಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ.

ಮೊದಲ ಹತ್ತರೊಳಗೆ ಬಂದವು 21 ಎಂದು ಕೆಲವರು, 22 ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?

ಎರಡೂ ಸರಿಯೇ. ವ್ಯತ್ಯಾಸಕ್ಕೆ ಕಾರಣ 1994ರಲ್ಲಿ ಕಾಮಿಕ್ ರಿಲೀಫ್ ಧರ್ಮಾರ್ಥ ನಿಧಿಗಾಗಿ ಮಾಡಿದ 'ಆಬ್ಸಲ್ಯೂಟ್ಲಿ ಫ್ಯಾಬ್ಯುಲಸ್' ಎಂಬ ಸಿಂಗಲ್. ಅದೇ ಹೆಸರಿನ ದೂರದರ್ಶನ ಹಾಸ್ಯ ಧಾರಾವಾಹಿಯ ಸಂಭಾಷಣೆಯ ತುಣುಕುಗಳನ್ನು ನೃತ್ಯದ ತಾಳಕ್ಕೆ ಜೋಡಿಸಿ ಮಾಡಿದ ಈ ಹಾಡು 6ನೇ ಸ್ಥಾನಕ್ಕೆ ಬಂದಿತು. ಆದರೆ ಕಲಾವಿದರ ಹೆಸರಿರಬೇಕಾದ ಕಡೆ ತಂಡದ ಹೆಸರಿರಲಿಲ್ಲ, ಧಾರಾವಾಹಿಯ ಹೆಸರೇ ಇತ್ತು. ಅದನ್ನು ಸೇರಿಸಿದರೆ 22, ಬಿಟ್ಟರೆ 21. ಮೊದಲನೆಯದು 1986ರ 'ವೆಸ್ಟ್ ಎಂಡ್ ಗರ್ಲ್ಸ್'. ಕೊನೆಯದು 2006ರಲ್ಲಿ 8ನೇ ಸ್ಥಾನ ಪಡೆದ 'ಐ ಆಮ್ ವಿತ್ ಸ್ಟುಪಿಡ್'. ಈ ಇಪ್ಪತ್ತು ವರ್ಷಗಳ ಹರವು ನಾಲ್ಕು ನಂಬರ್ ಒನ್‌ಗಳಿಗಿಂತ ದೊಡ್ಡ ಸಾಧನೆ ಎಂಬುದು ನನ್ನ ಖಚಿತ ಅಭಿಪ್ರಾಯ.

1987ರ ಕ್ರಿಸ್‌ಮಸ್ ಸ್ಪರ್ಧೆಯ ಬಗ್ಗೆ ಇಷ್ಟೊಂದು ಮಾತೇಕೆ?

ಬ್ರಿಟನ್ನಿನಲ್ಲಿ ಕ್ರಿಸ್‌ಮಸ್ ವಾರದ ಮೊದಲ ಸ್ಥಾನಕ್ಕೆ ಬೇರೆಯೇ ಘನತೆಯಿದೆ. ಅದರ ಮೇಲೆ ಜನ ಬಾಜಿ ಕಟ್ಟುವುದೂ ಉಂಟು. ಎಲ್ವಿಸ್ ಪ್ರೀಸ್ಲಿ ತೀರಿಕೊಂಡು ಹತ್ತು ವರ್ಷವಾದ ಸಂದರ್ಭದಲ್ಲಿ, 1987ರ ಆಗಸ್ಟ್‌ನಲ್ಲಿ ಐಟಿವಿ ವಾಹಿನಿಯ ಸ್ಮರಣ ಕಾರ್ಯಕ್ರಮಕ್ಕೆಂದು ಈ ಜೋಡಿ 'ಆಲ್ವೇಸ್ ಆನ್ ಮೈ ಮೈಂಡ್' ಹಾಡಿತು. ಎಲ್ವಿಸ್ ಹಾಡಿದಾಗ ಪಶ್ಚಾತ್ತಾಪದಿಂದ ನಿಧಾನವಾಗಿ ಸಾಗುವ ಆ ಹಾಡು ಇವರ ಕೈಯಲ್ಲಿ ವೇಗದ ನೃತ್ಯಗೀತೆಯಾಯಿತು. ಟೆನಂಟ್ ದನಿಯಲ್ಲಿ ಪಶ್ಚಾತ್ತಾಪದ ಬಿಸುಪಿಲ್ಲ. ಹೇಳುವವನು ನಿಜವಾಗಿ ನೊಂದಿದ್ದಾನೋ ಅಥವಾ ನೊಂದವನಂತೆ ನೆಪ ಹೇಳುತ್ತಿದ್ದಾನೋ ಎಂಬ ಅನುಮಾನ ಕೊನೆಯವರೆಗೂ ಹಾಗೆಯೇ ಉಳಿಯುತ್ತದೆ.

ಕಾರ್ಯಕ್ರಮ ನೋಡಿದವರ ಉತ್ಸಾಹ ಕಂಡು ಅದನ್ನು ಸಿಂಗಲ್ ಆಗಿ ತಂದರು. ಅದು ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಆ ಕ್ರಿಸ್‌ಮಸ್‌ಗೆ ಎರಡನೆಯ ಸ್ಥಾನಕ್ಕೆ ತೃಪ್ತಿಪಡಬೇಕಾದದ್ದು ದಿ ಪೋಗ್ಸ್ ಮತ್ತು ಕರ್ಸ್ಟಿ ಮೆಕಾಲ್ ಹಾಡಿದ 'ಫೇರಿಟೇಲ್ ಆಫ್ ನ್ಯೂಯಾರ್ಕ್'. ಇಂದು ಆ ಎರಡನೆಯ ಹಾಡು ಪ್ರತಿ ಡಿಸೆಂಬರ್‌ನಲ್ಲೂ ಮತ್ತೆ ಕೇಳಿಬರುವುದರಿಂದ, ಅನ್ಯಾಯವಾಯಿತೆಂದು ವಾದಿಸುವವರು ವರ್ಷಕ್ಕೊಮ್ಮೆ ಹುಟ್ಟಿಕೊಳ್ಳುತ್ತಾರೆ. ಚಾರ್ಟ್ ಒಂದು ವಾರದ ಮಾರಾಟವನ್ನು ಹೇಳುತ್ತದೆಯೇ ಹೊರತು ಮುಂದಿನ ಮೂವತ್ತು ವರ್ಷಗಳ ಭವಿಷ್ಯವನ್ನಲ್ಲ. ಆ ವಾರ ಹೆಚ್ಚು ಜನ ಕೊಂಡದ್ದು ಪೆಟ್ ಶಾಪ್ ಬಾಯ್ಸ್ ರೆಕಾರ್ಡನ್ನು. ಅಲ್ಲಿಗೆ ವಾದ ಮುಗಿಯಬೇಕು.

'ಸಾಮ್ರಾಜ್ಯದ ಘಟ್ಟ' ಎಂದು ಅಭಿಮಾನಿಗಳು ಹೇಳುವುದು ಯಾವುದಕ್ಕೆ?

ಪಾಪ್ ತಂಡವೊಂದು ಮುಟ್ಟಿದ್ದೆಲ್ಲ ಚಿನ್ನವಾಗುವ ಅವಧಿಗೆ ಟೆನಂಟ್ ಕೊಟ್ಟ ಹೆಸರು ಅದು. ಈಗ ಯಾವ ಕಲಾವಿದರ ಬಗ್ಗೆ ಬರೆಯುವಾಗಲೂ ವಿಮರ್ಶಕರು ಬಳಸುವ ಈ ಮಾತು ಹುಟ್ಟಿದ್ದು ತನ್ನದೇ ತಂಡದ ಇಳಿತವನ್ನು ಗುರುತಿಸಿಕೊಳ್ಳುವಾಗ. 'ಇಟ್ಸ್ ಎ ಸಿನ್' ಇಂದ 'ಹಾರ್ಟ್' ವರೆಗಿನ ಐದು ಸಿಂಗಲ್‌ಗಳ ಸ್ಥಾನಗಳು ಕ್ರಮವಾಗಿ 1, 2, 8, 1, 1. ನಡುವಿನ 2ನೇ ಸ್ಥಾನ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಜೊತೆ ಹಾಡಿದ 'ವಾಟ್ ಹ್ಯಾವ್ ಐ ಡನ್ ಟು ಡಿಸರ್ವ್ ದಿಸ್?' ಹಾಡಿನದು, 8 'ರೆಂಟ್' ಹಾಡಿನದು. ಅರವತ್ತರ ದಶಕದ ಮಹಾಗಾಯಕಿ ಡಸ್ಟಿ ಆ ಹೊತ್ತಿಗೆ ಜನರ ಕಣ್ಣಿಂದ ಬಹುಪಾಲು ಮರೆಯಾಗಿದ್ದರು. ಅವರನ್ನು ಹುಡುಕಿ ಕರೆತಂದದ್ದು ಈ ಜೋಡಿಯ ಹಠ.

1988ರ ಸೆಪ್ಟೆಂಬರ್‌ನಲ್ಲಿ 'ಡಾಮಿನೋ ಡ್ಯಾನ್ಸಿಂಗ್' 9ನೇ ಸ್ಥಾನದಲ್ಲಿ ಪ್ರವೇಶಿಸಿತು. ರೈ ಊರಿನ ತನ್ನ ಮನೆಯಿಂದ ಕಾರಿನಲ್ಲಿ ವಾಪಸಾಗುತ್ತ ರೇಡಿಯೋದಲ್ಲಿ ಆ ಸ್ಥಾನದ ಸುದ್ದಿ ಕೇಳಿದ ಟೆನಂಟ್‌ಗೆ, ನಂಬರ್ ಒನ್‌ಗಳ ಕಾಲ ಮುಗಿಯಿತು ಎಂದು ಆಗಲೇ ಅನಿಸಿತಂತೆ. ಹಾಡು 7ಕ್ಕೆ ಏರಿ ನಿಂತಿತು. ಅವರ ಊಹೆ ನಿಜವಾಯಿತು. ಮತ್ತೆಂದೂ ಮೊದಲ ಸ್ಥಾನ ಸಿಗಲಿಲ್ಲ.

ಆದರೂ ಈ ಗೆರೆಯನ್ನು ಅಷ್ಟು ಗಟ್ಟಿಯಾಗಿ ಎಳೆಯುವುದು ನನಗೆ ಒಪ್ಪಿಗೆಯಿಲ್ಲ. 1986ರ 'ಸಬರ್ಬಿಯಾ' ಇಂದ 1990ರ 'ಸೋ ಹಾರ್ಡ್' ವರೆಗೆ ಸತತ ಹತ್ತು ಸಿಂಗಲ್‌ಗಳು ಮೊದಲ ಹತ್ತರೊಳಗೆ ಬಂದಿವೆ. ಸಾಮ್ರಾಜ್ಯ ಮುಗಿದ ಮೇಲೆ ಬಂದ 'ಲೆಫ್ಟ್ ಟು ಮೈ ಓನ್ ಡಿವೈಸಸ್' 4ನೇ ಸ್ಥಾನ ಪಡೆದಿದೆ. ಟ್ರೆವರ್ ಹಾರ್ನ್ ಮತ್ತು ಸ್ಟೀಫನ್ ಲಿಪ್ಸನ್ ನಿರ್ಮಾಣದ ಆ ಹಾಡಿನಲ್ಲಿ ದೊಡ್ಡ ವಾದ್ಯವೃಂದ ಮತ್ತು ಆಪೆರಾ ದನಿಯ ನಡುವೆ ಒಬ್ಬ ಮನುಷ್ಯ ತನ್ನ ಒಂದು ಸಾಮಾನ್ಯ ದಿನದ ದಿನಚರಿಯನ್ನು ವಿವರಿಸುತ್ತ ಹೋಗುತ್ತಾನೆ. ಇಳಿತದ ಲಕ್ಷಣ ಅದರಲ್ಲಿ ಎಲ್ಲೂ ಕಾಣುವುದಿಲ್ಲ.

'ಬೀಯಿಂಗ್ ಬೋರಿಂಗ್' 20ನೇ ಸ್ಥಾನದಲ್ಲಿ ನಿಂತದ್ದು ಏಕೆ?

ಅಭಿಮಾನಿಗಳು ಅತ್ಯಂತ ಹೆಚ್ಚು ಕೇಳುವ ಪ್ರಶ್ನೆ ಇದು. ತಂಡದ ಅತ್ಯುತ್ತಮ ಹಾಡು ಯಾವುದೆಂದು ಕೇಳಿದಾಗಲೆಲ್ಲ ಮುಂಚೂಣಿಯಲ್ಲಿ ಬರುವ ಹಾಡು, ಹತ್ತು ಯಶಸ್ಸುಗಳ ಸರಪಳಿಯನ್ನು ಮುರಿದ ಹಾಡೂ ಹೌದು.

ಅದು ಬಂದದ್ದು 1990ರ ನವೆಂಬರ್‌ನಲ್ಲಿ, 'ಬಿಹೇವಿಯರ್' ಆಲ್ಬಮ್ಮಿನ ಎರಡನೆಯ ಸಿಂಗಲ್ ಆಗಿ. ಆ ಆಲ್ಬಮ್ಮನ್ನು ಮ್ಯೂನಿಕ್‌ನಲ್ಲಿ ನಿರ್ಮಾಪಕ ಹೆರಾಲ್ಡ್ ಫಾಲ್ಟರ್‌ಮೇಯರ್ ಜೊತೆ ಹಳೆಯ ಅನಲಾಗ್ ಸಿಂಥಸೈಜರ್‌ಗಳನ್ನು ಬಳಸಿ ಮಾಡಿದರು. ಹಾಗಾಗಿ ಅದರ ನಾದ ಹಿಂದಿನ ಆಲ್ಬಮ್‌ಗಳಿಗಿಂತ ಮೃದು, ಮಂದ. ಹಾಡಿನಲ್ಲಿ ಮೂರು ಕಾಲಗಳಿವೆ: ಹಳೆಯ ಫೋಟೋಗಳ ಜೊತೆ ಕೈಗೆ ಸಿಕ್ಕಿದ ಆಹ್ವಾನಪತ್ರಗಳು ನೆನಪಿಸುವ ಹದಿಹರೆಯದ ಪಾರ್ಟಿಗಳ ಕಾಲ, ಊರು ಬಿಟ್ಟು ಹೊರಟ ಎಪ್ಪತ್ತರ ದಶಕ, ಜೊತೆಗಿದ್ದವರಲ್ಲಿ ಕೆಲವರು ಇಲ್ಲದ ತೊಂಬತ್ತರ ದಶಕ. ಟೆನಂಟ್ ಅವರ ಬಾಲ್ಯದ ಗೆಳೆಯರೊಬ್ಬರು ಏಡ್ಸ್‌ನಿಂದ ತೀರಿಕೊಂಡದ್ದು ಅದರ ಹಿನ್ನೆಲೆ. ಆ ರೋಗದ ಹೆಸರು ಹಾಡಿನಲ್ಲಿ ಎಲ್ಲೂ ಇಲ್ಲ. ಇಲ್ಲದವರನ್ನು ನೆನೆದು ಕೊನೆಯ ಚರಣ ಒಂದು ಕ್ಷಣ ತಡೆಯುತ್ತದೆ, ಅಷ್ಟೇ.

ಇನ್ನು ಮಾರಾಟದ ಪ್ರಶ್ನೆ. ಪೀಠಿಕೆ ದೀರ್ಘ, ಮೊದಲ ಅರ್ಧ ನಿಮಿಷದಲ್ಲಿ ಕಿವಿ ಹಿಡಿದೆಳೆಯುವ ಪಲ್ಲವಿಯಿಲ್ಲ, ನವೆಂಬರ್ ಕೊನೆಗೆ ಅಂಗಡಿಗಳು ಕ್ರಿಸ್‌ಮಸ್ ಸರಕಿನಿಂದ ತುಂಬಿರುತ್ತವೆ, ಆಲ್ಬಮ್ ಅಕ್ಟೋಬರ್‌ನಲ್ಲೇ ಬಂದಿದ್ದರಿಂದ ಕಟ್ಟಾ ಅಭಿಮಾನಿಗಳ ಬಳಿ ಹಾಡು ಆಗಲೇ ಇತ್ತು. ಈ ಕೊನೆಯ ಕಾರಣವೇ ಮುಖ್ಯವೆಂದು ನಾನು ಭಾವಿಸುತ್ತೇನೆ. ನಿಧಾನವಾಗಿ ಒಗ್ಗುವ ಹಾಡು ವಾರದ ಮಾರಾಟದ ಲೆಕ್ಕದಲ್ಲಿ ಗೆಲ್ಲಬೇಕಾದರೆ ಅದು ಮೊದಲ ಸಿಂಗಲ್ ಆಗಿರಬೇಕು ಅಥವಾ 'ವೆಸ್ಟ್ ಎಂಡ್ ಗರ್ಲ್ಸ್' ಗೆ ಸಿಕ್ಕಂತೆ ಎರಡು ಮೂರು ತಿಂಗಳ ಅವಕಾಶ ಸಿಗಬೇಕು. 1990ರ ಹೊತ್ತಿಗೆ ಅಂತಹ ಅವಕಾಶ ಕಡಿಮೆಯಾಗತೊಡಗಿತ್ತು.

ಅಮೆರಿಕದಲ್ಲಿ ಯಶಸ್ಸು ಅಷ್ಟು ಬೇಗ ನಿಂತದ್ದು ಹೇಗೆ?

ಅಲ್ಲಿ ಮೊದಲ ಹತ್ತರೊಳಗೆ ಬಂದವು ಐದು: 'ವೆಸ್ಟ್ ಎಂಡ್ ಗರ್ಲ್ಸ್' (1), 'ಆಪರ್ಚುನಿಟೀಸ್' (10), 'ಇಟ್ಸ್ ಎ ಸಿನ್' (9), 'ವಾಟ್ ಹ್ಯಾವ್ ಐ ಡನ್ ಟು ಡಿಸರ್ವ್ ದಿಸ್?' (2) ಮತ್ತು 'ಆಲ್ವೇಸ್ ಆನ್ ಮೈ ಮೈಂಡ್' (4). 1988ರ 'ಡಾಮಿನೋ ಡ್ಯಾನ್ಸಿಂಗ್' 18ನೇ ಸ್ಥಾನ ಪಡೆಯಿತು. ಆಮೇಲೆ ಮೊದಲ ನಲವತ್ತರೊಳಗೆ ಅಲ್ಲಿ ಯಾವುದೂ ಬರಲಿಲ್ಲ. ಪೋರ್ಟೊ ರಿಕೋದಲ್ಲಿ ಚಿತ್ರೀಕರಿಸಿದ ಆ ಹಾಡಿನ ವಿಡಿಯೋದಲ್ಲಿ ಇಬ್ಬರು ತರುಣರು ಒಬ್ಬ ಹುಡುಗಿಗಾಗಿ ಜಗಳವಾಡುತ್ತಾರಾದರೂ ಕ್ಯಾಮೆರಾದ ಕಣ್ಣೆಲ್ಲ ತರುಣರ ಮೇಲೆಯೇ ಇರುತ್ತದೆ. ಅಮೆರಿಕದ ಮಾರುಕಟ್ಟೆ ಕೈತಪ್ಪಿದ್ದಕ್ಕೆ ಟೆನಂಟ್ ಆ ವಿಡಿಯೋವನ್ನು ಬೊಟ್ಟು ಮಾಡಿದ್ದಾರೆ. ನೃತ್ಯ ಕ್ಲಬ್ಬುಗಳ ಪಟ್ಟಿಯಲ್ಲಿ ಮಾತ್ರ ಅಲ್ಲಿಯೂ ಅವರ ಹಾಡುಗಳು ಮುಂದಿನ ದಶಕಗಳಲ್ಲಿ ಕಾಣಿಸಿಕೊಳ್ಳುತ್ತಲೇ ಇದ್ದವು.

'ಎ ರೆಡ್ ಲೆಟರ್ ಡೇ' ಒಂದೇ ವಾರದಲ್ಲಿ 9ರಿಂದ 42ಕ್ಕೆ ಬಿದ್ದದ್ದು ನಿಜವೇ?

ನಿಜ. 1997ರ ಮಾರ್ಚ್‌ನಲ್ಲಿ 9ನೇ ಸ್ಥಾನಕ್ಕೆ ಬಂದ ಹಾಡು ಮರುವಾರವೇ 42ಕ್ಕೆ ಇಳಿಯಿತು. ಹಾಡು ಕೆಟ್ಟದ್ದೆಂದು ಇದರಿಂದ ತೀರ್ಮಾನಿಸಬಾರದು.

ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ಕಂಪನಿಗಳು ಹಾಡನ್ನು ಬಿಡುಗಡೆಗೆ ವಾರಗಟ್ಟಲೆ ಮುಂಚೆಯೇ ರೇಡಿಯೋಗೆ ಕೊಡುತ್ತಿದ್ದವು. ಮೊದಲ ವಾರ ಸಿಂಗಲ್ ಅಗ್ಗದ ಬೆಲೆಗೆ ಸಿಗುತ್ತಿತ್ತು. ಒಂದೇ ಹಾಡು ಎರಡು ಬೇರೆ ಬೇರೆ ಸಿಡಿಗಳಾಗಿ, ಪ್ರತಿಯೊಂದರಲ್ಲೂ ಹಾಡಿನ ಬೇರೆ ಬೇರೆ ರೀಮಿಕ್ಸ್ ರೂಪಗಳೊಂದಿಗೆ ಬರುತ್ತಿತ್ತು. ನಿಷ್ಠಾವಂತ ಅಭಿಮಾನಿ ಎರಡನ್ನೂ ಸೋಮವಾರವೇ ಕೊಳ್ಳುತ್ತಿದ್ದ; ಎರಡೂ ಒಂದೇ ಹಾಡಿನ ಲೆಕ್ಕಕ್ಕೆ ಹೋಗುತ್ತಿದ್ದವು. ಹೀಗಾಗಿ ಅಭಿಮಾನಿಗಳ ಬಳಗ ದೊಡ್ಡದಿದ್ದು ಹೊರಗಿನ ಕೇಳುಗರು ಕಡಿಮೆಯಿದ್ದ ತಂಡಗಳ ಹಾಡು ಶನಿವಾರ ಸಂಜೆಯ ಹೊತ್ತಿಗೆ ಸಿಗಬೇಕಾದ ಮಾರಾಟವನ್ನೆಲ್ಲ ಪಡೆದುಬಿಡುತ್ತಿತ್ತು. 1986ರ 1ನೇ ಸ್ಥಾನ ತಿಂಗಳುಗಟ್ಟಲೆ ಹಬ್ಬಿದ ಜನಪ್ರಿಯತೆಯ ಗುರುತು. 1997ರ 9ನೇ ಸ್ಥಾನ ಅಭಿಮಾನಿ ಬಳಗದ ಗಾತ್ರದ ಗುರುತು. ಒಂದೇ ಪಟ್ಟಿಯಲ್ಲಿ ಮುದ್ರಿತವಾದ ಮಾತ್ರಕ್ಕೆ ಅವು ಒಂದೇ ಬಗೆಯ ಅಂಕಿಗಳಾಗುವುದಿಲ್ಲ.

'ಗೋ ವೆಸ್ಟ್' ಅವರದೇ ಹಾಡೇ?

ಅಲ್ಲ, ವಿಲೇಜ್ ಪೀಪಲ್ ತಂಡದ 1979ರ ಹಾಡು. ಚಿತ್ರನಿರ್ದೇಶಕ ಡೆರೆಕ್ ಜಾರ್ಮನ್ 1992ರಲ್ಲಿ ಮ್ಯಾಂಚೆಸ್ಟರಿನ ಹಾಸಿಯೆಂಡಾ ಕ್ಲಬ್ಬಿನಲ್ಲಿ ಏಡ್ಸ್ ನೆರವಿಗಾಗಿ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಇವರು ಅದನ್ನು ಮೊದಲು ಹಾಡಿದರು. ಸಾನ್ ಫ್ರಾನ್ಸಿಸ್ಕೋದ ಕಡೆಗೆ ಹೊರಟ ಸಲಿಂಗಿ ಪುರುಷರ ಕನಸಿನ ಹಾಡು ಏಡ್ಸ್ ಕಾಲದಲ್ಲಿ ಬೇರೆಯೇ ಅರ್ಥ ಪಡೆಯಿತು; ಸೋವಿಯತ್ ಒಕ್ಕೂಟ ಆಗಷ್ಟೇ ಕುಸಿದಿದ್ದರಿಂದ, ಪಶ್ಚಿಮಕ್ಕೆ ಹೋಗೋಣ ಎಂಬ ಕರೆಗೆ ಮೂರನೆಯ ಅರ್ಥವೂ ಬಂತು. ಪುರುಷರ ಮೇಳಗಾನ ಮತ್ತು ವಿಡಿಯೋದಲ್ಲಿನ ಕೆಂಪು ನಕ್ಷತ್ರಗಳು ಅದನ್ನು ಎತ್ತಿ ತೋರಿಸುತ್ತವೆ. 1993ರಲ್ಲಿ ಬ್ರಿಟನ್ನಿನಲ್ಲಿ 2ನೇ ಸ್ಥಾನ, ಜರ್ಮನಿಯಲ್ಲಿ ಮೊದಲ ಸ್ಥಾನ. ಇಂದು ಫುಟ್‌ಬಾಲ್ ಮೈದಾನಗಳಲ್ಲಿ ಆರ್ಸೆನಲ್ ಬೆಂಬಲಿಗರು ಮೊದಲುಗೊಂಡು ಹಲವರು ತಮ್ಮ ತಂಡಕ್ಕಾಗಿ ಹಾಡುವುದು ಇದೇ ಧಾಟಿಯಲ್ಲಿ. ಸ್ಟಾರ್ ಟಿವಿ 1991ರಲ್ಲಿ ಭಾರತಕ್ಕೆ ಬಂದ ಮೇಲೆ ಎಂಟಿವಿಯಲ್ಲಿ ಪಾಶ್ಚಾತ್ಯ ಪಾಪ್ ನೋಡಲು ಕಲಿತ ನಮ್ಮ ಕಡೆಯ ಕೇಳುಗರಿಗೂ ತಂಡದ ಮುಖ ಎಂದರೆ ಹಳದಿ-ನೀಲಿ ಉಡುಪು, ಗುಮ್ಮಟದಂತಹ ಟೋಪಿ ಧರಿಸಿದ, ಆ ವಿಡಿಯೋದ ಗಣಕಚಿತ್ರದ ಜೋಡಿಯೇ.

ಆಲ್ಬಮ್‌ಗಳಲ್ಲಿ ಮೊದಲ ಸ್ಥಾನ ಪಡೆದದ್ದು ಯಾವುದು?

1993ರ 'ವೆರಿ' ಒಂದೇ. ಉಬ್ಬುಚುಕ್ಕಿಗಳ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಬಂದ ಸಿಡಿ ಅದು; ಕಪಾಟಿನಲ್ಲಿ ಬೇರೆ ಸಿಡಿಗಳ ನಡುವೆ ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ಸಿಗುತ್ತದೆ. 2024ರ 'ನನ್‌ದಲೆಸ್' 2ನೇ ಸ್ಥಾನ ಪಡೆಯಿತು.

ಸಿಂಗಲ್‌ನಲ್ಲಿರುವ ಹಾಡಿಗೂ ಆಲ್ಬಮ್‌ನಲ್ಲಿರುವ ಹಾಡಿಗೂ ಇಷ್ಟು ವ್ಯತ್ಯಾಸ ಏಕೆ?

ಸಾಮಾನ್ಯವಾಗಿ ಚಿಕ್ಕ ಹಾಡು ಮೊದಲು ಸಿದ್ಧವಾಗಿ, ಕ್ಲಬ್ಬುಗಳಿಗಾಗಿ ಅದನ್ನು ಹನ್ನೆರಡು ಇಂಚಿನ ರೆಕಾರ್ಡಿನಲ್ಲಿ ಹಿಗ್ಗಿಸುತ್ತಾರೆ. 1988ರ 'ಇಂಟ್ರೋಸ್ಪೆಕ್ಟಿವ್' ಆಲ್ಬಮ್ಮಿನಲ್ಲಿ ಈ ಜೋಡಿ ಕ್ರಮವನ್ನೇ ತಿರುಗಿಸಿತು. ಅದರಲ್ಲಿರುವುದು ಆರೇ ಹಾಡುಗಳು, ಎಲ್ಲವೂ ದೀರ್ಘ. ಸಿಂಗಲ್ ಮಾಡುವಾಗ ಅವನ್ನು ಕತ್ತರಿಸಿದರು. 'ಆಲ್ವೇಸ್ ಆನ್ ಮೈ ಮೈಂಡ್' ಅದರಲ್ಲಿ 'ಇನ್ ಮೈ ಹೌಸ್' ಎಂಬ ಇನ್ನೊಂದು ಭಾಗದೊಂದಿಗೆ ಬೆಸೆದು ಬರುವುದರಿಂದ, ಚಾರ್ಟಿನಲ್ಲಿ ಗೆದ್ದ ರೂಪವನ್ನು ಅಲ್ಲಿ ಹುಡುಕಿದವರಿಗೆ ನಿರಾಸೆಯಾಗುತ್ತದೆ.

ರೆಕಾರ್ಡಿನ ಹಿಂಬದಿಯ ಹಾಡುಗಳ ಬಗ್ಗೆ ಅಭಿಮಾನಿಗಳಿಗೆ ಇಷ್ಟು ಮೋಹವೇಕೆ?

ಈ ತಂಡ ಬಿ-ಬದಿಯನ್ನು ಉಳಿಕೆ ಸರಕು ಸುರಿಯುವ ಜಾಗವಾಗಿ ನೋಡಲಿಲ್ಲ. 'ಆಪರ್ಚುನಿಟೀಸ್' ಹಿಂಬದಿಯ 'ಇನ್ ದ ನೈಟ್' ಮುಂದೆ ಬಿಬಿಸಿಯ 'ದ ಕ್ಲೋತ್ಸ್ ಶೋ' ಕಾರ್ಯಕ್ರಮದ ಶೀರ್ಷಿಕೆ ಸಂಗೀತವಾಯಿತು. 'ಸಬರ್ಬಿಯಾ' ಹಿಂಬದಿಯ 'ಪನಿನಾರೋ' ಹಾಡಿನಲ್ಲಿ ಸದಾ ಮೌನಿಯಾದ ಲೋ ಬಾಯಿ ತೆರೆದು ಮಾತನಾಡುತ್ತಾರೆ. 1995ರಲ್ಲಿ ಅದನ್ನು ಹೊಸದಾಗಿ ಮಾಡಿ ಮುಂಬದಿಗೆ ತಂದಾಗ 15ನೇ ಸ್ಥಾನ ಪಡೆಯಿತು. ಅದೇ ವರ್ಷ 30 ಬಿ-ಬದಿ ಹಾಡುಗಳನ್ನು 'ಆಲ್ಟರ್ನೇಟಿವ್' ಎಂಬ ಎರಡು ಸಿಡಿಗಳ ಸಂಗ್ರಹವಾಗಿ ತಂದರು. ಚಾರ್ಟ್ ಸ್ಥಾನಗಳ ಬಗ್ಗೆ ವಾದಿಸಿ ದಣಿದವರು ಕೊನೆಗೆ ಬಂದು ಸೇರುವುದು ಈ ಸಂಗ್ರಹಕ್ಕೇ.

2006ರ ನಂತರ ಮೊದಲ ಹತ್ತರೊಳಗೆ ಬಾರದಿರುವುದಕ್ಕೆ ಕಾರಣವೇನು?

ವಯಸ್ಸು ಮತ್ತು ಲೆಕ್ಕದ ಕ್ರಮ, ಎರಡೂ. ಆಲ್ಬಮ್ ಕೊಳ್ಳುವ ಅಭಿಮಾನಿ ಇಂದಿಗೂ ಆಲ್ಬಮ್ಮನ್ನೇ ಕೊಳ್ಳುತ್ತಾನೆ. ಒಂದು ಹಾಡನ್ನು ದಿನಕ್ಕೆ ಹತ್ತು ಸಲ ಸ್ಟ್ರೀಮ್ ಮಾಡುವ ಹದಿಹರೆಯದವನು ಬೇರೆ ತಂಡಗಳ ಕೇಳುಗ. 2013ರ 'ಎಲೆಕ್ಟ್ರಿಕ್', 2016ರ 'ಸೂಪರ್', 2020ರ 'ಹಾಟ್‌ಸ್ಪಾಟ್' ಮೂರೂ ಆಲ್ಬಮ್ ಪಟ್ಟಿಯಲ್ಲಿ 3ನೇ ಸ್ಥಾನ ಪಡೆದಿವೆ. ಅವುಗಳ ಸಿಂಗಲ್‌ಗಳ ಸ್ಥಾನಗಳನ್ನು ನೋಡಿ ಮರುಗುವುದರಲ್ಲಿ ಅರ್ಥವಿಲ್ಲ.

ಹೊಸಬರು ಯಾವ ಸಂಗ್ರಹದಿಂದ ಆರಂಭಿಸಬೇಕು?

ಉಚ್ಛ್ರಾಯ ಕಾಲ ಮಾತ್ರ ಸಾಕೆನ್ನುವವರಿಗೆ 1991ರ 'ಡಿಸ್ಕೋಗ್ರಫಿ'. 2003ರ 'ಪಾಪ್‌ಆರ್ಟ್' ಹಾಡುಗಳನ್ನು ಕಾಲಕ್ರಮದಲ್ಲಿ ಇಡದೆ 'ಪಾಪ್' ಮತ್ತು 'ಆರ್ಟ್' ಎಂದು ಎರಡು ಸಿಡಿಗಳಾಗಿ ವಿಂಗಡಿಸುತ್ತದೆ. ಯಾವ ಹಾಡು ಯಾವುದರಲ್ಲಿರಬೇಕಿತ್ತು ಎಂಬ ಜಗಳಕ್ಕೆ ಅದು ಒಳ್ಳೆಯ ಸಾಮಗ್ರಿ. ಚಾರ್ಟಿನ ಕಥೆಯನ್ನು ಕಿವಿಯಿಂದಲೇ ತಿಳಿಯಬೇಕೆನ್ನುವವರು 2023ರ 'ಸ್ಮ್ಯಾಶ್' ತೆಗೆದುಕೊಳ್ಳಲಿ. 1985ರಿಂದ 2020ರವರೆಗಿನ 55 ಸಿಂಗಲ್‌ಗಳು ಅದರಲ್ಲಿ ಬಿಡುಗಡೆಯಾದ ಕ್ರಮದಲ್ಲೇ ಇವೆ. ಕೇಳುವಾಗ ಸ್ಥಾನಗಳ ಪಟ್ಟಿಯನ್ನು ಎದುರಿಗೆ ಇಟ್ಟುಕೊಳ್ಳದಿರುವುದು ಒಳ್ಳೆಯದು. ಮೊದಲ ಸಲ ಕೇಳುವವರು 'ಹಾರ್ಟ್' ಮೊದಲ ಸ್ಥಾನ ಪಡೆದದ್ದೆಂದೂ 'ಬೀಯಿಂಗ್ ಬೋರಿಂಗ್' 20ನೆಯದೆಂದೂ ತಾವಾಗಿ ಊಹಿಸುವುದು ಕಷ್ಟ.